‘ಬರೂ ಮುಂದ’ ಎಂಬ ತಾರೀಖು

ಮಸ್ಕಿಯ ನಮ್ಮ ಮನೆಯಲ್ಲಿ ಎಮ್ಮೆಗಳಿಗೆ ಹುಟ್ಟಿದ ದಿನವಿತ್ತು, ಮನುಷ್ಯರಿಗೆ ಇರಲಿಲ್ಲ. ಯಾವ ಎಮ್ಮೆ ಯಾವ ಅಮಾವಾಸ್ಯೆ ಕಳೆದು ಎಷ್ಟನೆಯ ದಿನಕ್ಕೆ ಈಯಿತು, ಕರು ಹೆಣ್ಣೋ ಗಂಡೋ, ಗಿಣ್ಣದ ಹಾಲು ಯಾರ ಯಾರ ಮನೆಗೆ ಹೋಯಿತು ಎಂಬುದನ್ನೆಲ್ಲ ಆಯಿ, ಅಂದರೆ ಅಪ್ಪನ ತಾಯಿ, ಒಂದು ಕ್ಷಣವೂ ತಡವರಿಸದೆ ಹೇಳುತ್ತಿದ್ದಳು. ಮಕ್ಕಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಆ ಎಮ್ಮೆಗಳ ಬಾಲ ಹಿಡಿದೇ ಬರಬೇಕಿತ್ತು. ಅಣ್ಣ ಬಸವರಾಜ ಹುಟ್ಟಿದ್ದು ಕೋಡು ಮುರಿದ ಎಮ್ಮೆ ಮೊದಲ ಸಲ ಈದ ವರ್ಷ. ಪಕ್ಕದ ಮನೆಯ ಶರಣವ್ವ ಹುಟ್ಟಿದ್ದು ಮಾಳಿಗೆ ಸೋರಿ ನೆಲದೊಳಗಿನ ಹಗೇವಿನ ಜೋಳ ಮುಗ್ಗಿದ ವರ್ಷ. ರಜಾಕಾರರ ಗದ್ದಲದ ಕಾಲಕ್ಕೆ ಅಪ್ಪನಿಗೆ ಮೀಸೆ ಮೂಡುತ್ತಿತ್ತು. ಇಡೀ ಓಣಿಯ ಜನರ ವಯಸ್ಸು ಆಯಿಯ ಸೆರಗಿನ ಗಂಟಿನಲ್ಲಿತ್ತು. ನನ್ನದನ್ನು ಕೇಳಿದಾಗ ಮಾತ್ರ ಅವಳ ಪಂಚಾಂಗ ಮುಚ್ಚಿಹೋಗುತ್ತಿತ್ತು. “ಹುಟ್ಟಿದಿ, ಅಷ್ಟ ಸಾಕು, ಹೋಗು” ಎಂದು ಎಲೆಯಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಹೀಗಾಗಿ ನನಗೆ ತಾರೀಖು ಸಿಕ್ಕಿದ್ದು ಶಾಲೆಯಲ್ಲಿ. ಅಪ್ಪ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಹೆಡ್ ಮಾಸ್ತರರ ಮುಂದೆ ನಿಲ್ಲಿಸಿದ. ಅವರು ನನ್ನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದರು. ಮುಟ್ಟಿದೆ. ಅಲ್ಲಿಗೆ ನನಗೆ ಆರು ವರ್ಷ ತುಂಬಿದಂತಾಯಿತು.

“ಹುಡುಗಿ ಯಾವಾಗ ಹುಟ್ಟ್ಯಾಳ್ರೀ?”

“ನೀವ ಬರಕೋರಿ ಸರ. ಸಾಲಿಗೆ ಬರೋಬ್ಬರಿ ಆಗೂವಂಗ.”

ಅವರು ಜೂನ್ ಒಂದು ಎಂದು ಬರೆದುಕೊಂಡರು. ಮುಂದೆ ನಾನೇ ಶಿಕ್ಷಕಿಯಾಗಿ ಗುರುಗುಂಟಾದಲ್ಲಿ, ಮುದಗಲ್ಲಿನಲ್ಲಿ, ಕೊನೆಗೆ ಲಿಂಗಸುಗೂರಿನಲ್ಲಿ ದಾಖಲಾತಿ ಪುಸ್ತಕ ಹಿಡಿದು ಕೂತಾಗ ಎಷ್ಟೋ ಮಕ್ಕಳಿಗೆ ಇದೇ ಜೂನ್ ಒಂದನ್ನು ಧಾರಾಳವಾಗಿ ಹಂಚಿದ್ದೇನೆ. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಜನ ಅದೇ ದಿನ ಹುಟ್ಟಿದವರು. ಅಂದು ಸೂಲಗಿತ್ತಿಯರಿಗೆ ಉಸಿರಾಡಲೂ ಬಿಡುವಿರಲಿಲ್ಲವೇನೋ. ಶಾಲೆಯಲ್ಲಿ ನಾವೆಲ್ಲ ಈ ಮಾತು ಹೇಳಿಕೊಂಡು ನಗುತ್ತಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಉಳಿದವರ ಮನೆಯಲ್ಲಿ ಅವರ ದಿನವನ್ನು ಯಾರೋ ಮರೆತಿದ್ದರು. ನಮ್ಮ ಮನೆಯಲ್ಲಿ ನನ್ನ ದಿನವನ್ನು ಯಾರೂ ಮರೆತಿರಲಿಲ್ಲ, ಹೇಳುತ್ತಿರಲಿಲ್ಲ ಅಷ್ಟೆ.

ಆ ಮನೆ ಉದ್ದಕ್ಕೆ ಇತ್ತು. ತಲೆಬಾಗಿಲು ದಾಟಿದರೆ ಎಮ್ಮೆ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಪಡಸಾಲೆಯ ಹಿಂದೆ ಒಂದು ಕತ್ತಲ ಕೋಣೆ, ಅದರ ಪಕ್ಕಕ್ಕೆ ಅಡಿಗೆಮನೆ. ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಯಿಂದ ಇಳಿಯಬೇಕು. ಕತ್ತಲ ಕೋಣೆಗೆ ಬೆಳಕಿಂಡಿಯೂ ಇರಲಿಲ್ಲ. ಹೆರಿಗೆ ಆಗುತ್ತಿದ್ದುದು ಅಲ್ಲಿಯೇ. ಬಾಣಂತಿ ಇಲ್ಲದ ದಿನಗಳಲ್ಲಿ ಅಲ್ಲಿ ಶೇಂಗಾದ ಚೀಲಗಳನ್ನೂ ಹುಣಸೆಹಣ್ಣಿನ ಗಡಿಗೆಗಳನ್ನೂ ಇಡುತ್ತಿದ್ದರು. ಅವ್ವ ಆ ಕೋಣೆಗೆ ಹೋಗುತ್ತಿರಲಿಲ್ಲ. ಹುಣಸೆಹಣ್ಣು ಬೇಕಾದರೆ ಆಯಿಯನ್ನು ಕರೆಯುತ್ತಿದ್ದಳು, ಇಲ್ಲವೆ ಸಾರಿಗೆ ಪುಂಡಿಸೊಪ್ಪಿನ ಹುಳಿಯೇ ಸಾಕು ಎನ್ನುತ್ತಿದ್ದಳು. ಅದು ಅವಳ ರುಚಿ ಎಂದುಕೊಂಡಿದ್ದೆ.

ಅವ್ವ ನನ್ನನ್ನು ಎಂದೂ ಹೊಡೆದವಳಲ್ಲ. ಬಸಣ್ಣನಿಗೆ ದಿನಕ್ಕೆ ಎರಡಾದರೂ ಬೀಳುತ್ತಿದ್ದವು. ಹೊಡೆದ ಮೇಲೆ ಅವನನ್ನು ಎಳೆದು ತೊಡೆಯ ಮೇಲೆ ಕೆಡವಿಕೊಂಡು ತಲೆ ಸವರುತ್ತಿದ್ದಳು, ಅವನು ಅತ್ತಷ್ಟೂ ಅವಳೂ ಅಳುತ್ತಿದ್ದಳು. ನನಗೆ ಹೊಡೆತವೂ ಇಲ್ಲ, ತೊಡೆಯೂ ಇಲ್ಲ. ನನ್ನ ತಲೆ ಬಾಚುವಾಗ ಹಿಂದೆ ಕೂತು ಬಾಚುತ್ತಿದ್ದಳು, ಹೆಣಿಕೆ ಚೆಂದ ಬರುತ್ತಿತ್ತು. ಮುಂದೆ ಕೂತು ಹಣೆಗೆ ವಿಭೂತಿ ಹಚ್ಚುವ ಕೆಲಸ ಆಯಿಗೆ ಬಿಡುತ್ತಿದ್ದಳು. ಊಟಕ್ಕೆ ಬಡಿಸುವಾಗಲೂ ಅಷ್ಟೇ, ನನ್ನ ಗಂಗಾಳಕ್ಕೆ ಕಡಿಮೆ ಬೀಳುತ್ತಿರಲಿಲ್ಲ, ತುಪ್ಪ ಒಂದು ಹನಿ ಹೆಚ್ಚೇ ಇರುತ್ತಿತ್ತು. ಕಣ್ಣು ಮಾತ್ರ ಗಂಗಾಳದ ಮೇಲೆಯೇ ಇರುತ್ತಿತ್ತು. ಮಗು ಇದನ್ನೆಲ್ಲ ಲೆಕ್ಕ ಹಾಕುವುದಿಲ್ಲ ಎಂದು ದೊಡ್ಡವರು ತಿಳಿಯುತ್ತಾರೆ. ಮಗುವಿಗೆ ಬೇರೆ ಏನು ಕೆಲಸವಿರುತ್ತದೆ?

ನನಗೆ ಎಂಟು ವರ್ಷವಿದ್ದಾಗ, ಅಥವಾ ಎಂಟರ ಆಚೀಚೆ, ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಿಸಿರೊಟ್ಟಿ, ಹಿಟ್ಟಿನ ಪಲ್ಲೆ, ಶೇಂಗಾದ ಹಿಂಡಿ. ನಾನು ಮೂರನೆಯ ರೊಟ್ಟಿಗೆ ಕೈ ಚಾಚಿದೆ. ಬಸಣ್ಣ ಅದು ತನ್ನದು ಎಂದ, ನಾನು ಬಿಡಲಿಲ್ಲ, ರೊಟ್ಟಿ ಹರಿದು ಅರ್ಧ ಬೂದಿಗೆ ಬಿತ್ತು. ಬೇಳೆ ಕೇರುತ್ತಿದ್ದ ಆಯಿ ಮೊರವನ್ನು ನೆಲಕ್ಕೆ ಬಡಿದಳು.

“ಹುಟ್ಟೂ ಮುಂದನ ಒಂದು ಕೂಸಿನ್ನ ನುಂಗಿದಾಕಿ, ನಿನ್ನ ಹೊಟ್ಟಿಗಿ ರೊಟ್ಟಿ ಸಾಲ್ತಾವೇನು?”

ಅವ್ವನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂತು. ನಾನು ಅವ್ವನ ಬಾಯಿಯನ್ನೇ ನೋಡುತ್ತಿದ್ದೆ, ಈಗ ಆಯಿಗೆ ಏನಾದರೂ ಅನ್ನುತ್ತಾಳೆ ಎಂದು. ಅವಳು ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಅಂದಿನಿಂದ ನಾನು ಯಾರ ಮನೆಯಲ್ಲೂ ಎರಡನೆಯ ಸಲ ಕೇಳಿ ಉಂಡವಳಲ್ಲ. ಹಾಸ್ಟೆಲ್ಲಿನಲ್ಲಿ ಉಪವಾಸದ ಶಾಂತಾ ಎಂದು ಹೆಸರಿಟ್ಟಿದ್ದರು, ಗಂಡನ ಮನೆಯಲ್ಲಿ ಇದನ್ನೇ ಗುಣವೆಂದು ಹೊಗಳಿದರು.

ಬಸಣ್ಣ ಆಮೇಲೆ ಎಮ್ಮೆಯ ಮೇವಿನ ಹತ್ತಿರ ನನ್ನನ್ನು ಕೂರಿಸಿಕೊಂಡು ತನಗೆ ಗೊತ್ತಿದ್ದಷ್ಟನ್ನು ಹೇಳಿದ. ನಮ್ಮಿಬ್ಬರ ನಡುವೆ ನೀಲಾ ಎಂಬ ಹುಡುಗಿ ಇದ್ದಳು. ಮೂರು ವರ್ಷದವಳು. ದಡಾರ ಬಂದು ಹೋದಳು. ಆಗ ಅವನನ್ನು ಬೇರೆ ಮನೆಗೆ ಕಳಿಸಿದ್ದರಿಂದ ಅವನು ಏನನ್ನೂ ನೋಡಿರಲಿಲ್ಲ. ನಾನು ಹುಟ್ಟಿದ್ದಕ್ಕೂ ಅವಳು ಹೋದದ್ದಕ್ಕೂ ಏನು ಸಂಬಂಧ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹೆಸರು ಬರೆದ ಒಂದು ಕಾಗದವಿಲ್ಲ, ಫೋಟೋ ಇಲ್ಲ, ಅವಳ ಒಂದು ಲಂಗವೂ ಮನೆಯಲ್ಲಿ ಉಳಿದಿರಲಿಲ್ಲ. ಮನೆಯವರ ಬಾಯಲ್ಲಿ ಅವಳು ‘ಆ ಕೂಸು’. ಅವಳನ್ನು ನುಂಗಿದವಳು ನಾನು ಎಂಬುದೊಂದೇ ಅವಳು ಇದ್ದದ್ದಕ್ಕೆ ಸಾಕ್ಷಿ.

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಬಸಣ್ಣನೂ ಹೋದ. ಅವ್ವ ಕಡೆಯ ಕೆಲವು ವರ್ಷ ಸಿಂಧನೂರಿನಲ್ಲಿ ಬಸಣ್ಣನ ಮಗನ ಮನೆಯಲ್ಲಿದ್ದು ತೀರಿಕೊಂಡಳು. ಆ ಮನೆಯ ಸೊಸೆ ರಶ್ಮಿ ತುಮಕೂರಿನ ಕಡೆಯವಳು, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಕೈಗೆ ಹತ್ತಿದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ಹೋದ ವರ್ಷದಿಂದ ನಮ್ಮ ಮನೆತನದ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ಕೂರಿಸುತ್ತಿದ್ದಾಳೆ. ನಾನು ಲಿಂಗಸುಗೂರಿನಿಂದ ಹೋದಾಗಲೆಲ್ಲ ಚಹಾಕ್ಕಿಂತ ಮುಂಚೆ ಪ್ರಶ್ನೆಗಳು ಬರುತ್ತವೆ. ಮೊದಲ ದಿನವೇ ನನಗೆ ನಿಯಮ ಹೇಳಿಕೊಟ್ಟಳು.

“ತಾರೀಖು ಗೊತ್ತಿಲ್ಲ ಅಂದ್ರೆ ಪರವಾಗಿಲ್ಲ ಅತ್ತೆ. ‘ಅಂದಾಜು’ ಅಂತ ಹಾಕ್ಬಹುದು, ‘ಮೊದಲು’ ಅಂತ ಹಾಕ್ಬಹುದು, ‘ನಂತರ’ ಅಂತ ಹಾಕ್ಬಹುದು. ಖಾಲಿ ಮಾತ್ರ ಬಿಡೋದು ಬೇಡ. ಖಾಲಿ ಬಿಟ್ರೆ ಅವ್ರು ಯಾವ ಕಾಲದವ್ರು ಅಂತ್ಲೇ ಮುಂದಿನವ್ರಿಗೆ ಗೊತ್ತಾಗಲ್ಲ.”

ನಾನು ಆಯಿಯ ಎಮ್ಮೆಗಳನ್ನು ನೆನೆದು ನೆನೆದು ಹೇಳುತ್ತಿದ್ದೆ, ಅವಳು ಅವನ್ನು ‘ಅಂದಾಜು’ ಮಾಡಿ ಬರೆಯುತ್ತಿದ್ದಳು. ಕೋಡು ಮುರಿದ ಎಮ್ಮೆ ಒಂದು ಇಸವಿಯಾಯಿತು. ಇಬ್ಬರೂ ಬಹಳ ನಕ್ಕೆವು. ಹೋದ ತಿಂಗಳು ಅವಳು ದೊಡ್ಡ ಹಾಳೆಯಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿ ಊಟದ ಮೇಜಿನ ಮೇಲೆ ಹರಡಿದಳು. ಕನ್ನಡಕ ಹಾಕಿಕೊಂಡು ಅಪ್ಪ ಅವ್ವನ ಕೆಳಗಿನ ಸಾಲಿಗೆ ಬಂದೆ. ಬಸವರಾಜ, ನೀಲಾ, ಶಾಂತಾ. ನೀಲಾಳ ಹೆಸರಿನ ಕೆಳಗೆ ಬರೆದಿತ್ತು: ಮರಣ, ಶಾಂತಾ ಜನನಕ್ಕೆ ಮೊದಲು.

ಮೊದಲು. ಆ ಪದವನ್ನು ಎಷ್ಟು ಸಲ ಓದಿದೆನೋ. ನಾನು ಹುಟ್ಟುವುದಕ್ಕೆ ಮೊದಲೇ ಅವಳು ಹೋಗಿದ್ದರೆ ನಾನು ಯಾರನ್ನೂ ನುಂಗಿರಲಿಲ್ಲ. ಎಂಟನೆಯ ವಯಸ್ಸಿನಿಂದ ಹೊತ್ತದ್ದನ್ನು ಅರವತ್ತು ದಾಟಿದ ಮೇಲೆ ಒಂದು ಅಚ್ಚಿನ ಹಾಳೆ ಇಳಿಸಿತು. ಇದನ್ನು ಯಾರು ಹೇಳಿದರು ಎಂದು ರಶ್ಮಿಯನ್ನು ಕೇಳಿದೆ. ಅಜ್ಜಿಯೇ ಎಂದಳು. ಅವ್ವ ಇದ್ದಾಗ ರಶ್ಮಿ ಅವಳನ್ನು ಮಾತಾಡಿಸಿ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅದನ್ನು ಹಾಕಿ ನನ್ನ ಕೈಗೆ ಕೊಟ್ಟಳು. ಮಿಕ್ಸಿ ತಿರುಗುವ ಸದ್ದು, ಯಾರೋ ಬಾಗಿಲು ಹಾಕಿದ ಸದ್ದು, ಆಮೇಲೆ ಅವ್ವನ ದನಿ.

“ನೀಲೀನಾ? ಶಾಂತಿ ಬರೂ ಮುಂದ ಹೋತು ಆ ಕೂಸು.”

ಇಳಿದ ಭಾರ ಮತ್ತೆ ಬಂದು ಕೂತಿತು. ತುಮಕೂರಿನ ಹುಡುಗಿ ‘ಬರೂ ಮುಂದ’ ಎಂದರೆ ಬರುವುದಕ್ಕೆ ಮುಂಚೆ ಎಂದು ತಿಳಿದಿದ್ದಳು. ನಮ್ಮ ಕಡೆ ಅದರ ಅರ್ಥ ಬರುವ ಹೊತ್ತಿಗೆ, ಬರುತ್ತಿರುವಾಗ ಎಂದು. ಸಾಲಿಗೆ ಹೋಗೂ ಮುಂದ ಬಿದ್ದೆ ಎಂದರೆ ನಾವು ಹೋಗುವ ದಾರಿಯಲ್ಲಿ ಬಿದ್ದಿರುತ್ತೇವೆ, ಮನೆಯಲ್ಲಿ ಅಲ್ಲ. ನಾನು ಬಾಯಿ ಬಿಟ್ಟು ತಿದ್ದಬೇಕಿತ್ತು. ಊರ ಮಕ್ಕಳ ಕಾಗುಣಿತವನ್ನೆಲ್ಲ ತಿದ್ದಿದವಳು ಅಂದು ತಿದ್ದಲಿಲ್ಲ. ಮನಸ್ಸು ವಕೀಲಿಕೆಗೆ ಇಳಿಯಿತು. ಅವ್ವ ಆರೇಳು ವರ್ಷ ರಶ್ಮಿಯ ಜೊತೆಗಿದ್ದಳಲ್ಲ, ಅವಳ ಬಾಯಲ್ಲಿ ಒಂದಿಷ್ಟು ತುಮಕೂರು ಸೇರಿರಬಾರದೆ? ಸೊಸೆಗೆ ತಿಳಿಯಲೆಂದು ಅವಳ ಮಾತಿನಲ್ಲಿಯೇ ಹೇಳಿರಬಾರದೆ? ನಿಜ ಹೇಳುತ್ತೇನೆ, ಹಾಗೆಯೇ ಆಗಿರಲಿ ಎಂದು ದೇವರಿಗೆ ಕೈಮುಗಿದೆ.

ನಾನು ಹುಟ್ಟಿದಾಗ ಮಸ್ಕಿಯ ಮನೆಯಲ್ಲಿದ್ದವರಲ್ಲಿ ಬದುಕಿರುವವಳು ಒಬ್ಬಳೇ, ಅವ್ವನ ತಂಗಿ, ನನ್ನ ಚಿಗವ್ವ. ಅವ್ವನಿಗೆ ನಾನು ಮೂರನೆಯ ಹೆರಿಗೆ, ತವರಿಗೆ ಹೋಗಿರಲಿಲ್ಲ. ಕೈಯಾಸರೆಗೆ ಇರಲಿ ಎಂದು ಹನ್ನೊಂದೋ ಹನ್ನೆರಡೋ ವರ್ಷದ ಚಿಗವ್ವನನ್ನು ಮಸ್ಕಿಗೆ ಕರೆಸಿದ್ದರು. ಈಗ ಪಾಮನಕಲ್ಲೂರಿನಲ್ಲಿರುತ್ತಾಳೆ. ಮರುದಿನವೇ ಬಸ್ಸು ಹತ್ತಿದೆ. ಅವಳು ಅಂಗಳದ ನೆರಳಿನಲ್ಲಿ ತೊಗರಿ ಆರಿಸುತ್ತ ಕೂತಿದ್ದಳು. ನಾನೂ ಒಂದು ಹಿಡಿ ಮುಂದೆ ಎಳೆದುಕೊಂಡು ಕೂತೆ. ಎದುರಾ ಎದುರು ನೋಡದೆ ಕೇಳಲು ಅದು ಒಳ್ಳೆಯದು. ನೀಲಾ ನಾನು ಹುಟ್ಟುವುದಕ್ಕಿಂತ ಮೊದಲೇ ಹೋದಳಲ್ಲವೇ ಎಂದೆ.

“ಮೊದಲ ಅಲ್ಲ ಬೇ. ನೀ ಹುಟ್ಟಿದ್ದಿ. ಐದರ ದಿನ ಶೆಟಗೆವ್ವನ ಪೂಜಿ ಮಾಡಿದ್ವಿ, ನಿನ್ನ ಹಣ್ಯಾಗ ಬರೀಲಿ ಅಂತ. ಅವತ್ತನ ನೀಲಿ ಮೈತುಂಬ ದಡಾರ ಎದ್ದಿತ್ತು. ಅಲ್ಲಿಂದ ನಾಕನೇ ದಿನಕ್ಕ ಹೋದ್ಲು. ಹಿಂಗಾರಿ ಜ್ವಾಳಾ ಬಿತ್ತೂ ಮುಂದ. ಗಂಡಸರೆಲ್ಲಾ ಹೊಲದಾಗಿದ್ರು.”

ಐದು, ನಾಲ್ಕು. ತೊಗರಿಕಾಳಿನ ಮೇಲೆ ಬೆರಳಿಟ್ಟು ಎಣಿಸಿದೆ. ನಾನು ಒಂಬತ್ತು ದಿನದ ಕೂಸು. ಜೂನ್ ಒಂದು ಎಲ್ಲಿ, ಹಿಂಗಾರಿ ಬಿತ್ತನೆ ಎಲ್ಲಿ. ಚಿಗವ್ವ ಆರಿಸಿದ ಕಾಳನ್ನು ಮೊರಕ್ಕೆ ಸುರಿದುಕೊಂಡಳು. ಎದ್ದು ಹೋಗುತ್ತಿದ್ದೆನೋ ಏನೋ, ಅವಳೇ ಮತ್ತೆ ಮಾತು ತೆಗೆದಳು.

“ಬಾಣಂತಿ ನೆಳ್ಳ ಬಿದ್ರ ದಡಾರದ ಕೂಸು ಉಳಿಯಂಗಿಲ್ಲ, ದಡಾರದ ಗಾಳಿ ಬಡದ್ರ ಹಸಗೂಸು ಉಳಿಯಂಗಿಲ್ಲ ಅಂತ ನಿಮ್ಮಾಯಿ ಕೋಣಿ ಬಾಗಲದಾಗ ನನ್ನ ಕುಂಡ್ರಿಸಿದ್ಲು. ನಿಮ್ಮವ್ವನ್ನ ಹೊರಗ ಬಿಡಬ್ಯಾಡ ಅಂತ. ಪಡಸಾಲ್ಯಾಗ ಬೇವಿನ ತೊಪ್ಪಲದಾಗ ಮಲಗಿ ನೀಲಿ ಅವ್ವಾ ಅವ್ವಾ ಅಂತಿತ್ತು. ಒಳಗ ನಿಮ್ಮವ್ವ ಗ್ವಾಡಿಗಿ ಕಿವಿ ಹಚ್ಚಿ ಕುಂತಿದ್ಲು. ನಡಕ ಒಂದ ಗ್ವಾಡಿ ಬೇ. ನಾಕು ದಿನ ಹಂಗ ಕುಂತ್ಲು. ಒಂಬತ್ತನೇ ದಿನ ಮುಂಜಾನಿ ನೀಲಿ ದನಿ ನಿಂತು ಬಿಡ್ತು. ನಿಮ್ಮವ್ವ ನನ್ನ ದಾಟಿ ಹೊರಗ ಬಂದ್ಲು. ನಾ ಹಿಡೀಲಿಲ್ಲ.”

“ಆಮ್ಯಾಲ?”

“ತೊಡಿ ಮ್ಯಾಲ ಹಾಕ್ಕೊಂಡ್ಲು. ಜೀವ ಇನ್ನಾ ಇತ್ತು, ಕಣ್ಣ ತೆಗೀಲಿಲ್ಲ. ಒಳಗ ನೀ ಚೀರಾಕತ್ತಿದ್ದಿ. ನಿಮ್ಮವ್ವ ಗುಡ್ಡದ ಮ್ಯಾಲಿನ ಗುಡಿ ಕಡಿ ಮಾರಿ ಮಾಡಿ, ‘ಮಲ್ಲಯ್ಯಾ, ಒಳಗಿಂದು ಒಯ್ಯಿ, ಇದನ್ನ ಬಿಡು. ಅದಿನ್ನಾ ನನಗ ಅವ್ವಾ ಅಂದಿಲ್ಲ, ಇದು ಅಂದೈತಿ’ ಅಂದ್ಲು. ಅದನ್ನ ಕೇಳಿದಾಕಿ ನಾ ಒಬ್ಬಾಕಿ. ಯಾರ ಮುಂದೂ ಹೇಳಬ್ಯಾಡ ಅಂತ ಕೈಮ್ಯಾಲ ಕೈ ಹಾಕಿಸಿಕೊಂಡ್ಲು. ಆಕಿ ಇರೂತನಕ ಹೇಳಿಲ್ಲ. ನಿನ್ನ ಮ್ಯಾಲ ಆಕಿಗಿ ಸಿಟ್ಟ ಇರಲಿಲ್ಲ ಶಾಂತಿ. ನಿನ್ನ ಮಾರಿ ನೋಡಾಕ ಅಂಜತಿದ್ಲು.”

ತೊಗರಿಯಲ್ಲಿ ಕಲ್ಲು ಯಾವುದು ಕಾಳು ಯಾವುದು ಎಂದು ನನಗೆ ಕಾಣುತ್ತಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ನನಗೂ ಮಗನಿದ್ದಾನೆ. ಮೂರು ವರ್ಷ ಮಾತು ಕಲಿಸಿದ ಮಗುವನ್ನೂ ಒಂಬತ್ತು ದಿನದ ಮಾಂಸದ ಮುದ್ದೆಯನ್ನೂ ಮುಂದಿಟ್ಟು ಒಂದನ್ನು ಆರಿಸಿಕೋ ಎಂದರೆ ನಾನೂ ಅವ್ವ ಕೇಳಿದ್ದನ್ನೇ ಕೇಳುತ್ತಿದ್ದೆ. ಅವಳ ಮೊರೆ ಮಲ್ಲಯ್ಯನಿಗೆ ಕೇಳಲಿಲ್ಲ, ನಾನು ಉಳಿದೆ. ದಿನವೂ ಎದುರಿಗೆ ಓಡಾಡುವ, ಜಡೆ ಹಾಕಿಸಿಕೊಳ್ಳುವ, ಅವ್ವಾ ಎಂದು ಕರೆಯುವ ಮಗಳ ಮುಂದೆ ಅವಳು ಜೀವಮಾನವೆಲ್ಲ ತಲೆ ತಗ್ಗಿಸಿ ತುಪ್ಪ ಬಡಿಸಿದಳು. ಒಂದು ಸಲ ಹೇಳಿಬಿಟ್ಟಿದ್ದರೆ ಇಬ್ಬರೂ ಕೂಡಿ ಅತ್ತು ಮುಗಿಸಬಹುದಿತ್ತು. ಆ ಸಂಕಟ ಈಗ ನನಗೆ ಹತ್ತಿಕೊಂಡಿದೆ, ಇಳಿಯುವುದಿಲ್ಲ.

ಎರಡು ದಿನ ಬಿಟ್ಟು ಸಿಂಧನೂರಿಗೆ ಹೋದೆ. ರಶ್ಮಿ ಕಂಪ್ಯೂಟರಿನಲ್ಲಿ ನಮ್ಮ ಸಾಲನ್ನು ತೆರೆದಿಟ್ಟುಕೊಂಡಿದ್ದಳು. ನನ್ನ ಜನನವನ್ನು ‘ಅಂದಾಜು’ ಮಾಡು, ಹಿಂಗಾರಿ ಬಿತ್ತನೆಯ ಕಾಲ ಎಂದೆ. ಪಿಂಚಣಿ ಕಾಗದದಲ್ಲಿ ಬೇರೆ ಇದೆಯಲ್ಲ ಎಂದು ಅವಳು ಹುಬ್ಬೇರಿಸಿದರೂ ಬರೆದಳು. ಆಮೇಲೆ ನೀಲಾಳ ಹೆಸರಿಗೆ ಬಂದಳು. ಚಿಗವ್ವ ಹೇಳಿದ್ದನ್ನು ನಾನು ಇನ್ನೂ ಅವಳಿಗೆ ಹೇಳಿರಲಿಲ್ಲ. ಸುಮ್ಮನಿದ್ದರೆ ‘ಮೊದಲು’ ಅಲ್ಲೇ ಇರುತ್ತದೆ. ತಿದ್ದು ಎನ್ನುವವರು ಯಾರೂ ಬದುಕಿಲ್ಲ. ಚಿಗವ್ವ ಓದು ಬಲ್ಲವಳಲ್ಲ. ಮುಂದೆ ಹುಟ್ಟುವ ಮಕ್ಕಳು ಈ ಹಾಳೆ ನೋಡಿದರೆ ಶಾಂತಾ ಎಂಬವಳು ಯಾರನ್ನೂ ಕಳೆಯದೆ ಬಂದವಳು ಎಂದುಕೊಳ್ಳುತ್ತಾರೆ. ನನಗೂ ಅಷ್ಟು ಬೇಕಾಗಿತ್ತು.

“ಇದನ್ನ ಹೀಗೇ ಬಿಡ್ಲಾ ಅತ್ತೆ?” ಎಂದಳು ರಶ್ಮಿ. ಆಮೇಲೆ ಪರದೆಯ ಮೇಲಿನ ಎರಡು ಹೆಸರುಗಳನ್ನು ನೋಡುತ್ತ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು: “ಪಾಪ, ಅಕ್ಕತಂಗಿಯರಾಗಿದ್ದೂ ಒಬ್ರನ್ನೊಬ್ರು ನೋಡ್ಲೇ ಇಲ್ಲ ನೀವು.”

ನನಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಅವಳ ಸಾವನ್ನೇ ಹಿಂದೆ ಮುಂದೆ ಸರಿಸುತ್ತಿದ್ದೆನೇ ಹೊರತು, ಅವಳಿಗೆ ನಾನೊಬ್ಬ ತಂಗಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪಾಮನಕಲ್ಲೂರಿಗೆ ಹೋಗಿ ಬಂದವಳು ಕೇಳಬೇಕಾದ್ದನ್ನೇ ಕೇಳದೆ ಬಂದಿದ್ದೆ. ಅಲ್ಲಿಯೇ ಫೋನು ಹಚ್ಚಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಚಿಗವ್ವ ಎತ್ತಿದಳು.

“ಚಿಗವ್ವ, ನೀಲಕ್ಕ ನನ್ನ ನೋಡಿದ್ಲೇನು?”

“ನೋಡ್ಲಾರದ ಏನ್ ಬೇ? ದಡಾರ ಏಳೂತನಕ ಆ ಕೋಣಿ ಹೊಸ್ತಲಾ ಬಿಟ್ಟು ಕದಲಿದ್ರ ಕೇಳು. ನಿನ್ನ ಯಾರರ ಎತ್ತಿಕೊಂಡ್ರ ಸಾಕು, ‘ನನ್ನ ಕೂಸು, ನನಗ ಕೊಡ್ರಿ’ ಅಂತ ಕಾಲ ಬಡದು ಅಳ್ತಿದ್ಲು.”

ಫೋನು ಕೆಳಗಿಟ್ಟೆ. ರಶ್ಮಿ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

“ನಂತರ ಅಂತ ಬರಿ,” ಎಂದೆ. “ಒಂಬತ್ತು ದಿನ ನಂತರ.”